ಚೀಪುವ ನಿಪ್ಪಲ್ ಮತ್ತು ಮಗುವಿನ ಹಾಲುಹಲ್ಲು: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ



ಗ್ರಾಮ ಪಂಚಾಯಿತಿಯ ಸಭೆಗಳಲ್ಲಿ ಕುಡಿಯುವ ನೀರು, ಚರಂಡಿ, ರಸ್ತೆ, ಬೀದಿದೀಪಗಳ ವಿಷಯಗಳು ಪದೇ ಪದೇ ಚರ್ಚೆಗೆ ಬರುತ್ತವೆ. ಮೂರು ವರ್ಷದೊಳಗಿನ ಮಗುವಿನ ಬಾಯಿಯ ಆರೋಗ್ಯ ಮಾತ್ರ ಕಾರ್ಯಸೂಚಿಯಲ್ಲಿ ಕಾಣಿಸಿಕೊಳ್ಳುವುದು ವಿರಳ. ಹಾಲುಹಲ್ಲು ಹೇಗಿದ್ದರೂ ಬಿದ್ದುಹೋಗುವಂಥದ್ದು, ಅದಕ್ಕೇಕೆ ಅಷ್ಟು ಚಿಂತೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಸರಿಯಲ್ಲವೆಂಬುದನ್ನು ತಿಳಿಸುವುದೂ, ಸಂತೆಯಲ್ಲಿ ಅಲ್ಪ ಬೆಲೆಗೆ ದೊರೆಯುವ ಒಂದು ಸಣ್ಣ ವಸ್ತುವಿನ ಬಳಕೆಯ ಬಗ್ಗೆ ಸದಸ್ಯರಲ್ಲಿ ಖಚಿತವಾದ ಅರಿವು ಮೂಡಿಸುವುದೂ ಈ ಪಾಠದ ಉದ್ದೇಶ.

1. ಒಂದು ಸಂದರ್ಭ

ಹೀಗೊಂದು ಸಂದರ್ಭವನ್ನು ಭಾವಿಸಿಕೊಳ್ಳೋಣ. ಹೆರಿಗೆಯಾಗಿ ಕೆಲವೇ ತಿಂಗಳಾದ ತಾಯಿಯೊಬ್ಬಳು ಕೂಲಿಗೆ ಹೋಗಲೇಬೇಕಾಗಿದೆ. ಮಗು ಅಜ್ಜಿಯ ಬಳಿ ಇದೆ. ಮಗು ಅತ್ತಾಗ ತಾಯಿ ಹತ್ತಿರವಿಲ್ಲ. ಅಜ್ಜಿಗೆ ಮನೆಗೆಲಸವೂ ಇದೆ. ಸಂತೆಯಿಂದ ತಂದ ರಬ್ಬರ್ ನಿಪ್ಪಲನ್ನು ಮಗುವಿನ ಬಾಯಿಗಿಟ್ಟರೆ ಅಳು ನಿಲ್ಲುತ್ತದೆ. ಅದನ್ನು ಬೆಲ್ಲದ ನೀರಿಗೋ ಜೇನುತುಪ್ಪಕ್ಕೋ ಅದ್ದಿ ಕೊಟ್ಟರೆ ಇನ್ನೂ ಬೇಗ ನಿಲ್ಲುತ್ತದೆ. ಮೂರು ವರ್ಷ ಕಳೆಯುವ ಹೊತ್ತಿಗೆ ಮಗುವಿನ ಮೇಲಿನ ಮುಂಹಲ್ಲುಗಳು ಕಪ್ಪಾಗಿ ಸವೆದಿರುತ್ತವೆ. ಬಾಯಿ ಮುಚ್ಚಿದರೂ ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳು ಒಂದಕ್ಕೊಂದು ತಾಗುವುದಿಲ್ಲ. ಮಗು ರೊಟ್ಟಿಯನ್ನು ಮುಂದಿನಿಂದ ಕಚ್ಚಲಾರದೆ ಬದಿಯಿಂದ ಹರಿದು ತಿನ್ನುತ್ತದೆ.

ಇಲ್ಲಿ ಅಜ್ಜಿಯದಾಗಲಿ ತಾಯಿಯದಾಗಲಿ ನಿರ್ಲಕ್ಷ್ಯವೇನೂ ಇಲ್ಲ. ಮಗುವನ್ನು ಸಮಾಧಾನಪಡಿಸಲು ತಮಗೆ ತೋಚಿದ ಉಪಾಯವನ್ನು ಅವರು ಮಾಡಿದ್ದಾರೆ. ಅವರಿಗೆ ಇಲ್ಲದಿದ್ದುದು ಎರಡು: ಸಕಾಲದಲ್ಲಿ ತಿಳಿವಳಿಕೆ ನೀಡುವವರು, ಮತ್ತು ತಾಯಿ ದುಡಿಯುವಾಗ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ. ಇವೆರಡೂ ಪಂಚಾಯಿತಿಯ ಕಾರ್ಯವ್ಯಾಪ್ತಿಗೆ ಸೇರಿದವು.

2. ಮಗು ಏಕೆ ಚೀಪುತ್ತದೆ?

ಅಂಗಡಿಗಳಲ್ಲಿ ಸುಮ್ಮನೆ ‘ನಿಪ್ಪಲ್’ ಎಂದು ಕರೆಯುವ, ವೈದ್ಯರು ‘ಪ್ಯಾಸಿಫೈಯರ್’ ಎನ್ನುವ ಈ ವಸ್ತುವಿಗೆ ಮೂರು ಭಾಗಗಳಿವೆ: ಬಾಯೊಳಗೆ ಇರುವ ರಬ್ಬರ್ ಅಥವಾ ಸಿಲಿಕೋನ್ ತೊಟ್ಟು, ತುಟಿಯ ಹೊರಗೆ ನಿಲ್ಲುವ ಅಗಲವಾದ ಬಿಲ್ಲೆ, ಹಿಡಿಯಲು ಒಂದು ಉಂಗುರ. ಹಾಲಿನ ಬಾಟಲಿಗೆ ಸಿಕ್ಕಿಸುವ ನಿಪ್ಪಲ್ ಬೇರೆ, ಇದು ಬೇರೆ. ಇದರಿಂದ ಹಾಲು ಬರುವುದಿಲ್ಲ. ಮಗು ಕೇವಲ ಚೀಪುತ್ತದೆ. ಈ ಪಾಠದಲ್ಲಿ ಇದನ್ನು ‘ಚೀಪುವ ನಿಪ್ಪಲ್’ ಎಂದು ಕರೆಯಲಾಗಿದೆ.

ಚೀಪುವುದು ಶಿಶುವಿಗೆ ಹುಟ್ಟಿನಿಂದಲೇ ಬಂದ ಸಹಜ ಪ್ರವೃತ್ತಿ. ಗರ್ಭದಲ್ಲಿರುವಾಗಲೇ ಶಿಶು ಬೆರಳು ಚೀಪುವುದನ್ನು ಸ್ಕ್ಯಾನಿಂಗ್ ಮೂಲಕ ಕಾಣಬಹುದು. ಹಸಿವಿಗಾಗಿ ಚೀಪುವುದು ಒಂದು ಬಗೆಯಾದರೆ, ನೆಮ್ಮದಿಗಾಗಿ ಚೀಪುವುದು ಇನ್ನೊಂದು ಬಗೆ. ಆದುದರಿಂದ ಚೀಪುವುದನ್ನೇ ಕೆಟ್ಟ ಅಭ್ಯಾಸವೆಂದು ಭಾವಿಸಬೇಕಾಗಿಲ್ಲ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಹಾಲು ಚೀಪುವ ಶಕ್ತಿ ಬರಲೆಂದು ಆಸ್ಪತ್ರೆಗಳಲ್ಲಿ ವೈದ್ಯರೇ ಇದನ್ನು ಬಳಸುವುದುಂಟು. ಮಲಗುವ ವೇಳೆ ಚೀಪುವ ನಿಪ್ಪಲ್ ಕೊಡುವುದರಿಂದ ಒಂದು ವರ್ಷದೊಳಗಿನ ಶಿಶುಗಳು ನಿದ್ರೆಯಲ್ಲಿ ಹಠಾತ್ತನೆ ಮರಣ ಹೊಂದುವ ಅಪಾಯ ಕಡಿಮೆಯಾಗುತ್ತದೆಂದು ಅಮೆರಿಕದ ಮಕ್ಕಳ ತಜ್ಞರ ಸಂಘ ಸಲಹೆ ನೀಡುತ್ತದೆ. ಆದರೆ ಎದೆಹಾಲು ಕುಡಿಯುವ ಮಗುವಿಗೆ ಹಾಲೂಡಿಕೆ ಚೆನ್ನಾಗಿ ನೆಲೆಗೊಂಡ ಮೇಲೆಯೇ ಕೊಡಬೇಕೆಂದು ಅದೇ ಸಂಘ ಹೇಳುತ್ತದೆ.

ಆದುದರಿಂದ ಸದಸ್ಯರು ಗಮನಿಸಬೇಕಾದ ಪ್ರಶ್ನೆಗಳು ಇವು: ಯಾವ ವಯಸ್ಸಿನವರೆಗೆ? ದಿನಕ್ಕೆ ಎಷ್ಟು ಹೊತ್ತು? ಏನನ್ನಾದರೂ ಸವರಿ ಕೊಡಲಾಗುತ್ತಿದೆಯೇ? ಹಲ್ಲಿಗೆ ಆಗುವ ಹಾನಿ ಬಹುಪಾಲು ಈ ಮೂರನ್ನೇ ಅವಲಂಬಿಸಿದೆ.

3. ಹಾಲುಹಲ್ಲಿನ ಮಹತ್ವ

ಸಾಮಾನ್ಯವಾಗಿ ಮಗುವಿಗೆ ಆರು ತಿಂಗಳ ಸುಮಾರಿಗೆ ಕೆಳಗಿನ ಮುಂಹಲ್ಲು ಮೊದಲು ಕಾಣಿಸಿಕೊಳ್ಳುತ್ತದೆ. ಎರಡೂವರೆಯಿಂದ ಮೂರು ವರ್ಷದೊಳಗೆ ಒಟ್ಟು 20 ಹಾಲುಹಲ್ಲುಗಳು ಮೂಡಿರುತ್ತವೆ. ಆರನೆಯ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಬರುತ್ತದೆ. ಅದೇ ಹೊತ್ತಿಗೆ ಮುಂದಿನ ಹಾಲುಹಲ್ಲುಗಳು ಬೀಳಲಾರಂಭಿಸುತ್ತವೆ. ಹಾಲು ದವಡೆಹಲ್ಲುಗಳು ಮಾತ್ರ ಹತ್ತರಿಂದ ಹನ್ನೆರಡನೆಯ ವರ್ಷದವರೆಗೂ ಬಾಯಲ್ಲಿರುತ್ತವೆ.

ಹಾಲುಹಲ್ಲು ಮೂರು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದಾಗಿ, ಆಹಾರವನ್ನು ಅಗಿಯಲು ನೆರವಾಗುತ್ತದೆ. ಹಲ್ಲುನೋವಿರುವ ಮಗು ಊಟ ಬಿಡುತ್ತದೆ. ಅಂಗನವಾಡಿಯಲ್ಲಿ ಕೊಡುವ ಪೌಷ್ಟಿಕ ಆಹಾರವೂ ಅದರ ತಟ್ಟೆಯಲ್ಲೇ ಉಳಿಯುತ್ತದೆ. ತೂಕ ಏರದಿರುವುದಕ್ಕೆ ಕಾರಣವನ್ನು ಮಾತ್ರ ಬೇರೆಡೆ ಹುಡುಕಲಾಗುತ್ತದೆ. ಎರಡನೆಯದಾಗಿ, ಮಾತು ಸ್ಪಷ್ಟವಾಗಲು ಹಲ್ಲಿನ ಸಾಲು ಬೇಕು. ಮೂರನೆಯದಾಗಿ, ಪ್ರತಿ ಹಾಲುಹಲ್ಲೂ ತನ್ನ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಜಾಗ ಕಾಯ್ದಿರಿಸುತ್ತದೆ. ಹಾಲು ದವಡೆಹಲ್ಲು ಹುಳುಕಾಗಿ ಅವಧಿಗೆ ಮುನ್ನ ಬಿದ್ದರೆ ಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲುತ್ತವೆ. ಮುಂದೆ ಬರುವ ಹಲ್ಲಿಗೆ ಸ್ಥಳವಿಲ್ಲದೆ ಅದು ಸೊಟ್ಟಗೆ ಮೂಡುತ್ತದೆ.

4. ಹಲ್ಲಿನ ಸಾಲು ಹೇಗೆ ಬದಲಾಗುತ್ತದೆ?

ಹಲ್ಲು ಮೂಳೆಯಲ್ಲಿ ಕಂಬದಂತೆ ಅಲುಗಾಡದೆ ನೆಟ್ಟು ನಿಂತಿರುವುದಿಲ್ಲ. ಒಳಗಿನಿಂದ ನಾಲಿಗೆಯೂ ಹೊರಗಿನಿಂದ ತುಟಿ-ಕೆನ್ನೆಗಳೂ ಅದರ ಮೇಲೆ ಸದಾ ಒತ್ತಡ ಹೇರುತ್ತಿರುತ್ತವೆ. ಈ ಒತ್ತಡಗಳ ಸಮತೋಲನದಲ್ಲಿ ಹಲ್ಲಿನ ಸಾಲು ನಿಲ್ಲುತ್ತದೆ. ಬಾಯೊಳಗೆ ಒಂದು ವಸ್ತು ದೀರ್ಘಕಾಲ ಇದ್ದರೆ ಸಮತೋಲನ ತಪ್ಪುತ್ತದೆ. ಒತ್ತಡ ಎಷ್ಟು ಜೋರಾಗಿದೆ ಎಂಬುದಕ್ಕಿಂತ ಎಷ್ಟು ಹೊತ್ತು ಇದೆ ಎಂಬುದು ಹೆಚ್ಚು ಮುಖ್ಯ. ದಿನಕ್ಕೆ ಸುಮಾರು ಆರು ಗಂಟೆಗಳ ಕಾಲ ಬೀಳುವ ಹಗುರವಾದ ಒತ್ತಡವೂ ಹಲ್ಲನ್ನು ಸರಿಸಬಲ್ಲದೆಂದು ದಂತಶಾಸ್ತ್ರ ಹೇಳುತ್ತದೆ. ರಾತ್ರಿಯಿಡೀ ನಿಪ್ಪಲ್ ಬಾಯಲ್ಲಿಟ್ಟುಕೊಂಡು ಮಲಗುವ ಮಗುವಿನಲ್ಲಿ ಈ ಮಿತಿ ದಿನವೂ ದಾಟುತ್ತದೆ.

ಇದರಿಂದ ಮುಖ್ಯವಾಗಿ ಮೂರು ಬಗೆಯ ಬದಲಾವಣೆಗಳು ಉಂಟಾಗುತ್ತವೆ.

ಮೊದಲನೆಯದು, ಮುಂಭಾಗದಲ್ಲಿ ತೆರಪು. ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳು ಒಂದಕ್ಕೊಂದು ಸಂಧಿಸುವತ್ತ ಬೆಳೆಯುತ್ತವೆ. ನಡುವೆ ನಿಪ್ಪಲ್ ಅಡ್ಡವಿದ್ದರೆ ಅವು ಅಲ್ಲಿಗೇ ನಿಲ್ಲುತ್ತವೆ. ಮಗು ಹಿಂದಿನ ಹಲ್ಲುಗಳನ್ನು ಕಚ್ಚಿದಾಗ ಮುಂದೆ ನಿಪ್ಪಲಿನ ಆಕಾರದ ದುಂಡನೆಯ ಸಂದು ಕಾಣುತ್ತದೆ. ಆ ಸಂದಿನಲ್ಲಿ ನಾಲಿಗೆ ಹೊರಚಾಚುವುದರಿಂದ ‘ಸ’, ‘ಜ’ ಮೊದಲಾದ ಅಕ್ಷರಗಳ ಉಚ್ಚಾರಣೆ ಕೆಡಬಹುದು.

ಎರಡನೆಯದು, ಮೇಲಿನ ಮುಂಹಲ್ಲುಗಳು ಮುಂದಕ್ಕೆ ಚಾಚಿಕೊಳ್ಳುವುದು. ಇದನ್ನೇ ಜನ ಉಬ್ಬುಹಲ್ಲು ಎನ್ನುತ್ತಾರೆ. ಆಡುವಾಗ ಬಿದ್ದರೆ ಮೊದಲು ಪೆಟ್ಟಾಗುವುದು ಇಂಥ ಹಲ್ಲುಗಳಿಗೇ. ಉಬ್ಬುಹಲ್ಲು ವಂಶಪಾರಂಪರ್ಯವಾಗಿಯೂ ಬರುತ್ತದೆ. ಆದ್ದರಿಂದ ಎಲ್ಲ ಉಬ್ಬುಹಲ್ಲಿಗೂ ನಿಪ್ಪಲನ್ನೇ ದೂರಬಾರದು.

ಮೂರನೆಯದು, ಮೇಲ್ದವಡೆ ಕಿರಿದಾಗುವುದು. ಬಾಯಲ್ಲಿ ನಿಪ್ಪಲ್ ಇರುವಾಗ ನಾಲಿಗೆ ಅಂಗುಳಕ್ಕೆ ತಾಗದೆ ಕೆಳಗೇ ಉಳಿಯುತ್ತದೆ. ಒಳಗಿನ ಆಸರೆ ತಪ್ಪಿದ ಮೇಲ್ದವಡೆಯನ್ನು, ಚೀಪುವಾಗ ಬಿಗಿಯುವ ಕೆನ್ನೆಗಳು ಎರಡೂ ಬದಿಯಿಂದ ಒತ್ತುತ್ತವೆ. ಆಗ ಮೇಲಿನ ದವಡೆಹಲ್ಲುಗಳು ಕೆಳಗಿನವುಗಳ ಒಳಬದಿಗೆ ಕೂರುತ್ತವೆ. ಇದು ಹೊರನೋಟಕ್ಕೆ ಸುಲಭವಾಗಿ ಕಾಣುವುದಿಲ್ಲ; ದಂತ ವೈದ್ಯರೇ ಗುರುತಿಸಬೇಕು.

ಇಲ್ಲಿ ಧೈರ್ಯ ತಾಳಬೇಕಾದ ಸಂಗತಿಯೂ ಉಂಟು. ಎರಡರಿಂದ ಮೂರು ವರ್ಷದೊಳಗೆ ಅಭ್ಯಾಸ ಬಿಟ್ಟರೆ ಮುಂಭಾಗದ ತೆರಪು ಬಹುತೇಕ ಮಕ್ಕಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಮೇಲ್ದವಡೆ ಕಿರಿದಾಗುವುದು ಮಾತ್ರ ಅಷ್ಟು ಸುಲಭವಾಗಿ ಸರಿಹೋಗದು. ಅನೇಕ ವೇಳೆ ಚಿಕಿತ್ಸೆ ಬೇಕಾಗುತ್ತದೆ. ನಾಲ್ಕು ವರ್ಷ ದಾಟಿದ ಮೇಲೂ ಅಭ್ಯಾಸ ಮುಂದುವರಿದರೆ ಅದರ ಪರಿಣಾಮ ಶಾಶ್ವತ ಹಲ್ಲುಗಳ ಕಾಲಕ್ಕೂ ಉಳಿಯುವ ಸಂಭವ ಹೆಚ್ಚು. ಸೊಟ್ಟ ಹಲ್ಲಿಗೆ ತಂತಿ ಹಾಕಿಸುವ ಚಿಕಿತ್ಸೆ ದೀರ್ಘಕಾಲದ್ದು, ದುಬಾರಿಯಾದುದು. ಪದೇ ಪದೇ ಪಟ್ಟಣಕ್ಕೆ ಹೋಗಿಬರಬೇಕಾದುದು. ಕೂಲಿ ಕುಟುಂಬಕ್ಕೆ ಅದು ಎಟುಕುವುದು ಕಷ್ಟ. ಆದ್ದರಿಂದ ತಡೆಯುವುದೇ ಬಡವರ ಪಾಲಿನ ಚಿಕಿತ್ಸೆ.

‘ಆರ್ಥೋಡಾಂಟಿಕ್’ ಎಂದು ಮುದ್ರಿಸಿದ, ತೊಟ್ಟು ಚಪ್ಪಟೆಯಾಗಿರುವ ನಿಪ್ಪಲುಗಳೂ ಮಾರುಕಟ್ಟೆಯಲ್ಲಿವೆ. ಹೆಸರಿನಿಂದ ಅವು ಹಲ್ಲಿಗೆ ಹಾನಿ ಮಾಡುವುದೇ ಇಲ್ಲವೆಂದು ತಿಳಿಯಬಾರದು. ಅವುಗಳನ್ನೂ ದೀರ್ಘಕಾಲ ಬಳಸಿದರೆ ಹಲ್ಲಿನ ಸಾಲು ಕೆಡುತ್ತದೆ.

5. ಸಿಹಿ ಸವರುವ ಪದ್ಧತಿ

ಚೀಪುವ ನಿಪ್ಪಲಿನಿಂದಷ್ಟೇ ಹಲ್ಲು ಹುಳುಕಾಗುವುದಿಲ್ಲ. ಅದಕ್ಕೆ ಸಕ್ಕರೆ, ಬೆಲ್ಲ, ಜೇನುತುಪ್ಪ ಸವರಿದಾಗ ಅದು ಹುಳುಕಿಗೆ ಕಾರಣವಾಗುತ್ತದೆ. ಬಟ್ಟೆಯ ತುಂಡಿನಲ್ಲಿ ಕಲ್ಲುಸಕ್ಕರೆ ಕಟ್ಟಿ ಚೀಪಿಸುವುದೂ, ಸಿಹಿ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸುವುದೂ ಇದೇ ಬಗೆಯವು. ಬಾಯಲ್ಲಿರುವ ರೋಗಾಣುಗಳು ಸಕ್ಕರೆಯನ್ನು ಆಮ್ಲವಾಗಿ ಪರಿವರ್ತಿಸುತ್ತವೆ. ಆ ಆಮ್ಲ ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ. ನಿದ್ರೆಯಲ್ಲಿ ಜೊಲ್ಲು ಕಡಿಮೆ ಸುರಿಯುವುದರಿಂದ ಸಿಹಿ ತೊಳೆದುಹೋಗದೆ ಹಲ್ಲಿಗೆ ಅಂಟಿಕೊಂಡೇ ಇರುತ್ತದೆ.

ಹುಳುಕಿನ ಮೊದಲ ಗುರುತು ಕಪ್ಪು ಬಣ್ಣವಲ್ಲ, ಬಿಳಿ ಬಣ್ಣ. ಮೇಲಿನ ಮುಂಹಲ್ಲುಗಳು ಒಸಡಿಗೆ ಸೇರುವ ಕಡೆ ಸುಣ್ಣದಂಥ ಮಂಕು ಬಿಳಿ ಗೆರೆ ಕಾಣಿಸಿಕೊಳ್ಳುತ್ತದೆ. ಕೆಳಗಿನ ಮುಂಹಲ್ಲುಗಳಿಗೆ ನಾಲಿಗೆಯ ರಕ್ಷಣೆ ಇರುವುದರಿಂದ ಅವು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಬಿಳಿ ಗೆರೆಯ ಹಂತದಲ್ಲೇ ವೈದ್ಯರಿಗೆ ತೋರಿಸಿದರೆ ಫ್ಲೋರೈಡ್ ಲೇಪನದಿಂದ ಹುಳುಕನ್ನು ತಡೆಯಬಹುದು.

ಜೇನುತುಪ್ಪದ ವಿಷಯದಲ್ಲಿ ಇನ್ನೊಂದು ಗಂಭೀರ ಎಚ್ಚರಿಕೆ ಅಗತ್ಯ. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣುವಿನ ಬೀಜಕಗಳು ಶಿಶುವಿನ ಕರುಳಿನಲ್ಲಿ ಬೆಳೆದು ವಿಷ ಉತ್ಪಾದಿಸಬಲ್ಲವು. ಬೊಟುಲಿಸಂ ಎಂಬ ಈ ಕಾಯಿಲೆ ಅಪರೂಪವಾದರೂ ಮಾರಕವಾಗಬಲ್ಲದು. ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನುತುಪ್ಪವನ್ನು ಯಾವ ರೂಪದಲ್ಲೂ ಕೊಡಬಾರದು.

6. ಹಾಲೂಡಿಕೆ, ಸೋಂಕು ಮತ್ತು ಸುರಕ್ಷತೆ

ಮಗು ತುಟಿ ಚಪ್ಪರಿಸುವುದು, ಕೈಯನ್ನು ಬಾಯಿಗೆ ತರುವುದು ಹಸಿವಿನ ಮೊದಲ ಸೂಚನೆಗಳು. ಆಗ ನಿಪ್ಪಲ್ ಕೊಟ್ಟರೆ ಹಸಿವು ಮರೆಯಾಗಿ ಒಂದು ಹೊತ್ತಿನ ಎದೆಹಾಲು ತಪ್ಪುತ್ತದೆ. ಎದೆಹಾಲು ಉತ್ಪತ್ತಿಯಾಗುವುದು ಮಗು ಕುಡಿದಷ್ಟೂ. ಕುಡಿಯುವುದು ಕಡಿಮೆಯಾದರೆ ಹಾಲೂ ಕಡಿಮೆಯಾಗುತ್ತದೆ. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಎಂಬ ನಿಯಮದ ಹಿನ್ನೆಲೆಯಲ್ಲಿ ಇದನ್ನು ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಹೆರಿಗೆ ಆಸ್ಪತ್ರೆಗಳಿಗೆ ನೀಡಿದ ಹತ್ತು ಸೂತ್ರಗಳಲ್ಲಿ ಒಂಬತ್ತನೆಯದು, ಎದೆಹಾಲು ಕುಡಿಯುವ ಶಿಶುಗಳಿಗೆ ಕೃತಕ ತೊಟ್ಟುಗಳನ್ನು ಕೊಡಬಾರದು ಎಂದಿತ್ತು. 2018ರ ಪರಿಷ್ಕರಣೆಯಲ್ಲಿ ಈ ಸೂತ್ರವನ್ನು ಬದಲಿಸಿ, ಬಾಟಲಿ ಮತ್ತು ನಿಪ್ಪಲುಗಳ ಬಳಕೆ ಹಾಗೂ ಅಪಾಯಗಳ ಬಗ್ಗೆ ತಾಯಂದಿರಿಗೆ ತಿಳಿಹೇಳಬೇಕು ಎಂದು ಮಾಡಲಾಯಿತು. ಗದರಿಸುವುದಕ್ಕಿಂತ ತಿಳಿಹೇಳುವುದು ಲೇಸೆಂಬ ಈ ನಿಲುವು ನಮಗೂ ಮಾದರಿ.

ಆರು ತಿಂಗಳ ನಂತರ ನಿಪ್ಪಲನ್ನು ಹೆಚ್ಚು ಬಳಸುವ ಮಕ್ಕಳಲ್ಲಿ ಕಿವಿಯ ಸೋಂಕು ಹೆಚ್ಚಾಗಿ ಕಾಣುತ್ತದೆ. ನೆಲಕ್ಕೆ ಬಿದ್ದ ನಿಪ್ಪಲನ್ನು ಸೆರಗಿಗೆ ಒರೆಸಿ ಮತ್ತೆ ಬಾಯಿಗಿಟ್ಟರೆ ಭೇದಿಗೆ ಆಹ್ವಾನ ಕೊಟ್ಟಂತೆ. ಹಿರಿಯರು ತಮ್ಮ ಬಾಯಲ್ಲಿ ಚೀಪಿ ಶುಚಿಮಾಡಿ ಕೊಡುವುದೂ ಸಲ್ಲದು. ಹುಳುಕು ಉಂಟುಮಾಡುವ ರೋಗಾಣುಗಳು ಜೊಲ್ಲಿನ ಮೂಲಕ ದೊಡ್ಡವರಿಂದ ಮಗುವಿಗೆ ದಾಟುತ್ತವೆ.

ನಿಪ್ಪಲನ್ನು ದಾರ ಕಟ್ಟಿ ಮಗುವಿನ ಕೊರಳಿಗೆ ಹಾಕುವ ಅಭ್ಯಾಸ ಅತ್ಯಂತ ಅಪಾಯಕಾರಿ. ಮಗು ಹೊರಳಿದಾಗ ದಾರ ತೊಟ್ಟಿಲಿಗೆ ಸಿಕ್ಕಿ ಕೊರಳು ಬಿಗಿಯಬಹುದು. ಬಿರುಕುಬಿಟ್ಟ, ಅಂಟಂಟಾದ ತೊಟ್ಟು ಹರಿದು ಗಂಟಲಿಗೆ ಸಿಕ್ಕಿಕೊಳ್ಳಬಹುದು. ಹೊರಬಿಲ್ಲೆ ಮಗುವಿನ ಬಾಯಿಗಿಂತ ಅಗಲವಾಗಿದ್ದು, ಅದರಲ್ಲಿ ಗಾಳಿಯಾಡುವ ರಂಧ್ರಗಳಿರಬೇಕು.

7. ಬಳಸುವ ಮನೆಗಳಿಗೆ ಹೇಳಬೇಕಾದ ಮಾತು

ಹುಟ್ಟಿನಿಂದ ಒಂದು ತಿಂಗಳವರೆಗೆ: ಎದೆಹಾಲು ಚೆನ್ನಾಗಿ ರೂಢಿಯಾಗುವ ತನಕ ನಿಪ್ಪಲ್ ಬೇಡ. ವೈದ್ಯರೇ ಸಲಹೆ ನೀಡಿದ್ದರೆ ಅದು ಬೇರೆ ಮಾತು.

ಒಂದರಿಂದ ಆರು ತಿಂಗಳು: ಬಳಸಲೇಬೇಕಾದರೆ ಹಾಲೂಡಿದ ನಂತರ, ಮಲಗುವ ವೇಳೆ ಮಾತ್ರ. ಕುದಿಸಿ ಆರಿಸಿದ ನಿಪ್ಪಲನ್ನೇ ಕೊಡಬೇಕು. ನಿದ್ದೆಯಲ್ಲಿ ಬಿದ್ದುಹೋದರೆ ಮತ್ತೆ ಇಡಬೇಕಾಗಿಲ್ಲ.

ಆರು ತಿಂಗಳಿಂದ ಒಂದು ವರ್ಷ: ಹಗಲಿನ ಬಳಕೆ ನಿಲ್ಲಿಸಬೇಕು. ಮೊದಲ ಹಲ್ಲು ಕಂಡ ದಿನದಿಂದಲೇ ಶುಚಿ ಮಾಡಲಾರಂಭಿಸಬೇಕು. ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು.

ಒಂದರಿಂದ ಎರಡು ವರ್ಷ: ಕ್ರಮೇಣ ಪೂರ್ತಿ ಬಿಡಿಸಬೇಕು. ಎಷ್ಟೇ ತಡವಾದರೂ ಮೂರನೆಯ ವರ್ಷ ತುಂಬುವುದರೊಳಗೆ ಈ ಅಭ್ಯಾಸ ನಿಂತಿರಬೇಕು.

ಯಾವ ವಯಸ್ಸಿನಲ್ಲೂ: ಸಿಹಿ ಸವರಬಾರದು, ಕೊರಳಿಗೆ ಕಟ್ಟಬಾರದು, ಒಂದು ಮಗುವಿನದನ್ನು ಇನ್ನೊಂದಕ್ಕೆ ಕೊಡಬಾರದು.

ಬಿಡಿಸುವಾಗ ತೊಟ್ಟಿಗೆ ಮೆಣಸಿನಪುಡಿ ಹಚ್ಚುವುದು, ಮಗುವನ್ನು ಹೊಡೆಯುವುದು, ಇತರರ ಮುಂದೆ ಹಂಗಿಸುವುದು ಕೂಡದು. ಮೊದಲು ಹಗಲು, ಆಮೇಲೆ ರಾತ್ರಿ ಎಂಬ ಕ್ರಮದಲ್ಲಿ ಕಡಿಮೆ ಮಾಡಬೇಕು. ಎತ್ತಿಕೊಳ್ಳುವುದು, ಬೆನ್ನು ಸವರುವುದು, ಲಾಲಿ ಹಾಡುವುದು, ಕೈಗೊಂದು ಆಟಿಕೆ ಕೊಡುವುದು ಅದರ ಸ್ಥಾನವನ್ನು ತುಂಬುತ್ತವೆ. ಕೆಲವು ದಿನ ಮಗು ಹಠ ಮಾಡಬಹುದು. ಮನೆಯವರೆಲ್ಲರೂ ಒಂದೇ ಮಾತಿಗೆ ನಿಂತರೆ ಹಠ ಇಳಿಯುತ್ತದೆ. ನಿಪ್ಪಲ್ ಬಿಟ್ಟ ಮಗು ಹೆಬ್ಬೆರಳಿಗೆ ಅಂಟಿಕೊಳ್ಳದಂತೆಯೂ ನೋಡಿಕೊಳ್ಳಬೇಕು. ನಿಪ್ಪಲನ್ನು ಎತ್ತಿಡಬಹುದು, ಬೆರಳನ್ನು ಎತ್ತಿಡಲಾಗದು.

8. ಕಾನೂನು ಏನು ಹೇಳುತ್ತದೆ?

ಶಿಶುಗಳ ಹಾಲಿನ ಬದಲಿ ಪದಾರ್ಥಗಳು, ಹಾಲೂಡಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳನ್ನು ನಿಯಂತ್ರಿಸುವ ಕೇಂದ್ರ ಅಧಿನಿಯಮ 1992ರಲ್ಲಿ ಬಂದು 2003ರಲ್ಲಿ ತಿದ್ದುಪಡಿಯಾಯಿತು. ಇದರ ಪ್ರಕಾರ ಶಿಶುವಿನ ಹಾಲಿನ ಪುಡಿಯನ್ನಾಗಲಿ ಹಾಲಿನ ಬಾಟಲಿಯನ್ನಾಗಲಿ ಜಾಹೀರಾತು ಮಾಡುವಂತಿಲ್ಲ. ತಾಯಂದಿರಿಗೆ ಉಚಿತ ಮಾದರಿಯಾಗಿ ಹಂಚುವಂತಿಲ್ಲ. ಬಾಟಲಿಗೆ ಜೋಡಿಸುವ ನಿಪ್ಪಲ್ ಕೂಡ ‘ಹಾಲಿನ ಬಾಟಲಿ’ ಎಂಬ ವ್ಯಾಖ್ಯೆಯೊಳಗೆ ಬರುತ್ತದೆ. ಆದರೆ ಬಾಟಲಿಗೆ ಸಂಬಂಧವಿಲ್ಲದ, ಬರೀ ಚೀಪುವ ನಿಪ್ಪಲನ್ನು ಆ ವ್ಯಾಖ್ಯೆ ಹೆಸರಿಸುವುದಿಲ್ಲ. ಆದ್ದರಿಂದ ಸದಸ್ಯರು ಸಂತೆಯ ವ್ಯಾಪಾರಿಯೊಡನೆ ವಾಗ್ವಾದಕ್ಕೆ ಇಳಿಯುವುದಕ್ಕಿಂತ ಮನೆಗಳಿಗೆ ತಿಳಿವಳಿಕೆ ತಲುಪಿಸುವುದು ಫಲಕಾರಿ. ಗ್ರಾಮದಲ್ಲಿ ನಡೆಯುವ ಯಾವುದೇ ಕಾರ್ಯಕ್ರಮದಲ್ಲಿ ಬಾಣಂತಿಯರಿಗೆ ಹಾಲಿನ ಬಾಟಲಿಯನ್ನು ಉಡುಗೊರೆಯಾಗಿ ಹಂಚದಂತೆ ಮಾತ್ರ ಕಟ್ಟುನಿಟ್ಟಾಗಿ ನೋಡಿಕೊಳ್ಳಬೇಕು.

9. ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

(ಅ) ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಮಂಡಿಸುವುದು. ಪ್ರತಿ ತಿಂಗಳ ಗ್ರಾಮ ಆರೋಗ್ಯ ದಿನದಂದು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ತಾಯಂದಿರ ಜೊತೆಗೆ ಅಜ್ಜಿಯರನ್ನೂ ಕರೆದು ಮಾತನಾಡುವಂತೆ ಕೋರುವುದು. ಮಗುವಿನ ಬಾಯಿಗೆ ಏನು ಇಡಬೇಕೆಂದು ಅನೇಕ ಮನೆಗಳಲ್ಲಿ ನಿರ್ಧರಿಸುವವರು ಹಿರಿಯರೇ.

(ಆ) ಗ್ರಾಮ ಪಂಚಾಯಿತಿಯ ಕೂಸಿನ ಮನೆಗೆ ಸದಸ್ಯರು ಖುದ್ದಾಗಿ ಭೇಟಿ ನೀಡುವುದು. ಅಳುವ ಮಕ್ಕಳನ್ನು ಸುಮ್ಮನಿರಿಸಲು ನಿಪ್ಪಲ್ ಬಳಸಲಾಗುತ್ತಿದೆಯೇ, ಆರೈಕೆದಾರರ ಸಂಖ್ಯೆ ಸಾಕಷ್ಟಿದೆಯೇ, ತಾಯಿ ಬಂದು ಹಾಲೂಡಲು ಮರೆಯಾದ ಜಾಗವಿದೆಯೇ ಎಂಬುದನ್ನು ನೋಡುವುದು.

(ಇ) ಉದ್ಯೋಗ ಖಾತರಿ ಕಾಮಗಾರಿಯ ಸ್ಥಳದಲ್ಲಿ ನೆರಳು ಮತ್ತು ಮಕ್ಕಳನ್ನು ನೋಡಿಕೊಳ್ಳುವವರ ವ್ಯವಸ್ಥೆಯನ್ನು ಖಾತರಿಪಡಿಸುವುದು. ಹಾಲೂಡಲು ಬಿಡುವು ಕೇಳುವ ತಾಯಿಯ ಹಾಜರಾತಿಗೆ ಧಕ್ಕೆಯಾಗದಂತೆ ನೋಡಿಕೊಳ್ಳುವುದು.

(ಈ) ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರುತ್ತದೆ. ಹಲ್ಲಿನ ಕಾಯಿಲೆಗಳ ತಪಾಸಣೆಯೂ ಅದರ ಪಟ್ಟಿಯಲ್ಲಿದೆ. ತಂಡ ಬರುವ ದಿನವನ್ನು ಮುಂಚಿತವಾಗಿ ತಿಳಿಸಿ, ಅಂಗನವಾಡಿಗೆ ಬಾರದ ಮಕ್ಕಳನ್ನೂ ಕರೆತರಲು ಏರ್ಪಾಡು ಮಾಡುವುದು. ಹೆಚ್ಚಿನ ಚಿಕಿತ್ಸೆಗೆ ಕಳುಹಿಸಿದ ಮಕ್ಕಳು ಆಸ್ಪತ್ರೆಗೆ ಹೋದರೇ ಎಂಬುದನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸುವುದು.

(ಉ) ಆಗಸ್ಟ್ 1ರಿಂದ 7ರವರೆಗೆ ನಡೆಯುವ ವಿಶ್ವ ಸ್ತನ್ಯಪಾನ ಸಪ್ತಾಹದಲ್ಲಿ ಹಾಗೂ ಮಹಿಳಾ ಗ್ರಾಮ ಸಭೆಯಲ್ಲಿ ಏಳನೆಯ ಭಾಗದ ಸೂಚನೆಗಳನ್ನು ಗಟ್ಟಿಯಾಗಿ ಓದಿಸುವುದು.

10. ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ವಾರ್ಡಿನಲ್ಲಿ ಮೂರು ವರ್ಷದೊಳಗಿನ ಮಕ್ಕಳೆಷ್ಟು? ಅವರ ತಾಯಂದಿರಲ್ಲಿ ಹಗಲು ಕೂಲಿಗೆ ಹೋಗುವವರೆಷ್ಟು?

2. ಆ ಮಕ್ಕಳನ್ನು ಹಗಲಿನಲ್ಲಿ ಯಾರು ನೋಡಿಕೊಳ್ಳುತ್ತಾರೆ?

3. ಕಳೆದ ತಪಾಸಣೆಯಲ್ಲಿ ಹಲ್ಲಿನ ತೊಂದರೆಗಾಗಿ ಆಸ್ಪತ್ರೆಗೆ ಕಳುಹಿಸಲಾದ ಮಕ್ಕಳಿದ್ದಾರೆಯೇ? ಅವರಿಗೆ ಚಿಕಿತ್ಸೆ ದೊರೆಯಿತೇ?

4. ಮಗುವಿಗೆ ಸಿಹಿ ಚೀಪಿಸುವ ಯಾವ ಪದ್ಧತಿಗಳು ನಮ್ಮ ಊರಿನಲ್ಲಿವೆ? ಅದನ್ನು ಯಾರು ಹೇಳಿದರೆ ಜನ ಕೇಳುತ್ತಾರೆ?

ಮಗು ಅಳುವುದು ತನಗೆ ಏನೋ ಬೇಕಾಗಿದೆಯೆಂದು ಹೇಳುವುದಕ್ಕೆ. ಹಸಿವಿದ್ದರೆ ಹಾಲು, ಬಟ್ಟೆ ಒದ್ದೆಯಾಗಿದ್ದರೆ ಒಣಬಟ್ಟೆ, ಭಯವಾಗಿದ್ದರೆ ಮಡಿಲು ಅದಕ್ಕೆ ಬೇಕು. ಇವುಗಳನ್ನು ಕೊಡಲು ಯಾರೂ ಹತ್ತಿರವಿಲ್ಲದ ಕಡೆ ನಿಪ್ಪಲ್ ದಿನವಿಡೀ ಬಾಯಲ್ಲಿ ಉಳಿಯುತ್ತದೆ. ಆ ಕೊರತೆಯನ್ನು ತುಂಬುವುದು ತಾಯಿಯೊಬ್ಬಳಿಂದಲೇ ಆಗುವ ಕೆಲಸವಲ್ಲ. ಸದಸ್ಯರು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಮೇಲಿನ ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಬೇಕೆಂದು ಕೋರಲಾಗಿದೆ.